ಬಳ್ಳಿಗಾವೆಯ ಬೌದ್ಧ ವಿಹಾರ ಮತ್ತು ಅಲ್ಲಮನ ಪೂರ್ವಚರಿತ್ರೆ
ಅಲ್ಲಮಪ್ರಭುವಿನ ಪೂರ್ವಚರಿತ್ರೆಯನ್ನು ಕಾದಂಬರಿಯಾಗಿಸುವವರಿಗೆ ಹರಿಹರನ ರಗಳೆಯೇ ಹೆಚ್ಚು ಒದಗಿಬರುತ್ತದೆ. ಅಲ್ಲಿ ಮದ್ದಳೆಗಾರ ಅಲ್ಲಮನು ಕಾಮಲತೆಗೆ ಒಲಿದು, ಆಕೆಯ ಮರಣಾನಂತರ ಮರುಳನಂತೆ ಅಲೆಯುತ್ತಾನೆ. ಚಾಮರಸನಲ್ಲಾದರೋ ಆತ ಮಾಯೆಗೆ ಸಿಲುಕದ ಅವತಾರಪುರುಷ. ಕಾದಂಬರಿಗೆ ಅಲ್ಲಿ ಎಡೆ ಕಡಿಮೆ.

ಕಾದಂಬರಿಕಾರರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನೂ ಗಮನಿಸಬೇಕು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಬಳ್ಳಿಗಾವೆಯಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿ, ತಾರಾಭಗವತಿ ಮೊದಲಾದ ದೇವತೆಗಳ ಪೂಜೆಗೆ ದತ್ತಿ ಬಿಟ್ಟನು. 1162ರ ಕೋಡಿಯಮಠದ ಶಾಸನವು, ಅದು ಕಾಳಾಮುಖ ಶೈವರ ಮಠವಾಗಿದ್ದರೂ, ಬೌದ್ಧದರ್ಶನದ ವ್ಯಾಖ್ಯಾನವೂ ಅಲ್ಲಿ ನಡೆಯುತ್ತಿತ್ತೆಂದು ತಿಳಿಸುತ್ತದೆ. ಇಷ್ಟರಿಂದ ಅಲ್ಲಮನ ಶೂನ್ಯವು ಬೌದ್ಧರಿಂದ ಬಂದುದೆಂದು ಸಾಧಿಸಲಾಗದು. ಆದರೆ ಮದ್ದಳೆ ಹೊತ್ತ ಹುಡುಗನೊಬ್ಬನು ಮಠದ ಹೊರಜಗಲಿಯಲ್ಲಿ ನಿಂತು ಆ ವ್ಯಾಖ್ಯಾನಕ್ಕೆ ಕಿವಿಗೊಟ್ಟನೆಂದು ಕಾದಂಬರಿಕಾರ ಬರೆದರೆ, ಅದನ್ನು ಕಾಲವಿರೋಧವೆನ್ನಲು ಕಾರಣವಿಲ್ಲ.