ಆರ್‌ವಿ ಪವರ್ ಕಾರ್ಡ್ ಇಡಲು ಮನೆಯಲ್ಲೇ ಮಾಡಿ ಡಬ್ಬಿ: ಖಾಲಿ ಬಕೆಟ್ ಒಂದಿದ್ದರೆ ಸಾಕು

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಹೆದ್ದಾರಿಗಳಲ್ಲಿ ಆರ್‌ವಿಗಳ ಓಡಾಟ ಜೋರಾಗುತ್ತದೆ. ಆರ್‌ವಿ ಅಂದರೆ ರಿಕ್ರಿಯೇಷನಲ್ ವೆಹಿಕಲ್. ಮಲಗುವ ಜಾಗ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ಚಕ್ರದ ಮೇಲಿನ ಮನೆ. ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ನೋಡಲು ಅಲ್ಲಿ ನೆಲೆಸಿರುವ ಕನ್ನಡಿಗರೂ ಇಂಥ ವಾಹನವನ್ನು ಬಾಡಿಗೆಗೆ ಪಡೆದು ಹೋಗುವುದುಂಟು.

ರಾತ್ರಿ ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಂತಾಗ ಈ ಮನೆಗೆ ಕರೆಂಟ್ ತರುವುದು ಹೆಬ್ಬೆರಳು ದಪ್ಪದ ಒಂದು ಕೇಬಲ್. ಇದಕ್ಕೆ ಶೋರ್ ಪವರ್ ಕಾರ್ಡ್ ಎಂದು ಹೆಸರು. ಬಂದರಿನಲ್ಲಿ ನಿಂತ ಹಡಗು ದಡದಿಂದ ವಿದ್ಯುತ್ ಪಡೆಯುತ್ತದಲ್ಲ, ಅಲ್ಲಿಂದ ಬಂದ ಹೆಸರಿದು. ಆದರೆ ಹೊರಡುವ ಗಡಿಬಿಡಿಯಲ್ಲಿ ಇದೇ ಕಾರ್ಡ್ ಮಣ್ಣು ಮೆತ್ತಿಕೊಂಡು, ಹೇಗೆ ಹೇಗೋ ಸುತ್ತಿಕೊಂಡು, ಸಾಮಾನಿನ ಖಾನೆಯ ಮೂಲೆ ಸೇರುತ್ತದೆ. ಒಳಗಿನ ತಂತಿ ಮುರಿದರೆ ಅಥವಾ ಪ್ಲಗ್ ಸುಟ್ಟರೆ ಅಪಾಯ ಕಟ್ಟಿಟ್ಟ ಬುತ್ತಿ. ಇದಕ್ಕೆ ಕಡಿಮೆ ಖರ್ಚಿನ ಪರಿಹಾರ ಇಲ್ಲಿದೆ.

ನಿಮ್ಮ ಕಾರ್ಡ್ ಯಾವುದು?

ಆರ್‌ವಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಕಾರ್ಡ್‌ಗಳಿವೆ. 30 ಆಂಪಿಯರ್ ಕಾರ್ಡ್‌ನ ಪ್ಲಗ್‌ಗೆ ಮೂರು ಕಡ್ಡಿ. 120 ವೋಲ್ಟ್‌ನಲ್ಲಿ ಅದು ಕೊಡುವುದು 3,600 ವ್ಯಾಟ್. ನಮ್ಮ ಮನೆಯ ಗೀಸರ್‌ಗೆ ಹಾಕುವ 16 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ ಇಷ್ಟೇ ಕೊಡುತ್ತದೆ. ದೊಡ್ಡ ವಾಹನಗಳ 50 ಆಂಪಿಯರ್ ಕಾರ್ಡ್‌ಗೆ ನಾಲ್ಕು ಕಡ್ಡಿಯ ಪ್ಲಗ್. ಅದರಲ್ಲಿ 120 ವೋಲ್ಟ್‌ನ ಎರಡು ಲೈನ್ ಇರುವುದರಿಂದ ಒಟ್ಟು 12,000 ವ್ಯಾಟ್ ಸಿಗುತ್ತದೆ.

ಡಬ್ಬಿಯ ಅಳತೆ ನಿರ್ಧಾರವಾಗುವುದು ಕಾರ್ಡ್‌ನ ದಪ್ಪದ ಮೇಲೆ. ಕೇಬಲನ್ನು ಅದರ ದಪ್ಪದ ಆರು ಪಟ್ಟಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸದಿದ್ದರೆ ಕ್ಷೇಮ ಎಂಬುದು ಸಾಮಾನ್ಯ ಲೆಕ್ಕ. 30 ಆಂಪಿಯರ್ ಕಾರ್ಡ್ ಸುಮಾರು 17 ಮಿ.ಮೀ. ದಪ್ಪ ಇರುತ್ತದೆ. ಅದಕ್ಕೆ 10 ಸೆಂ.ಮೀ. ತ್ರಿಜ್ಯ ಸಾಕು. ಅಮೆರಿಕದ ಐದು ಗ್ಯಾಲನ್ ಬಕೆಟ್, ಅಂದರೆ ಸುಮಾರು 19 ಲೀಟರ್‌ನದು, ಒಳಗಡೆ ಸುಮಾರು 28 ಸೆಂ.ಮೀ. ಅಗಲ ಇರುತ್ತದೆ. 30 ಅಡಿಯ ಕಾರ್ಡ್ ಅದರಲ್ಲಿ ಹನ್ನೆರಡು ಸುತ್ತಿಗೆ ಆರಾಮವಾಗಿ ಕೂರುತ್ತದೆ. 50 ಆಂಪಿಯರ್ ಕಾರ್ಡ್ ಇನ್ನೂ ದಪ್ಪ, ಇನ್ನೂ ಬಿರುಸು. ಅದನ್ನು ಇದೇ ಬಕೆಟ್‌ಗೆ ತುರುಕಬೇಡಿ. ಬಾಯಿ ಅಗಲವಿರುವ ದೊಡ್ಡ ಪ್ಲಾಸ್ಟಿಕ್ ಟಬ್ ಆರಿಸಿಕೊಳ್ಳಿ.

ಬೇಕಾಗುವ ಸಾಮಾನು

* ಮುಚ್ಚಳವಿರುವ 19 ಲೀಟರ್‌ನ ಗಟ್ಟಿ ಪ್ಲಾಸ್ಟಿಕ್ ಬಕೆಟ್ (ಬೇಕರಿಯಲ್ಲಿ ಖಾಲಿಯಾದದ್ದೂ ಆದೀತು)
* ನಾಲ್ಕು ಇಂಚಿನ ಪಿವಿಸಿ ಪೈಪ್ ತುಂಡು, ಅದಕ್ಕೊಪ್ಪುವ ಎಂಡ್ ಕ್ಯಾಪ್
* ಎರಡು ಸಣ್ಣ ಬೋಲ್ಟ್, ನಟ್, ವಾಷರ್
* ಸೊಳ್ಳೆಪರದೆಯ ತುಂಡು, ಡ್ರಿಲ್, ಉಪ್ಪುಕಾಗದ

ಮಾಡುವ ವಿಧಾನ

1. ಬಕೆಟ್‌ನ್ನು ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆ ಅಥವಾ ರಾಸಾಯನಿಕ ತುಂಬಿದ್ದ ಬಕೆಟ್ ಬೇಡ. ಅದರ ಅಂಶ ಕಾರ್ಡ್‌ನ ಹೊದಿಕೆಯನ್ನು ಹಾಳು ಮಾಡಬಹುದು.

2. ತಳದಲ್ಲಿ 6 ಮಿ.ಮೀ.ನ ಆರೆಂಟು ತೂತು ಕೊರೆಯಿರಿ. ಒದ್ದೆ ಕಾರ್ಡ್‌ನ ನೀರು ಬಸಿಯಲು, ಗಾಳಿಯಾಡಲು ಇದು ಬೇಕು. ತೂತಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ. ಇರುವೆ, ಹುಳ ಬಾರದಂತೆ ಪರದೆಯ ತುಂಡು ಹಾಸಿ.

3. ಎಂಡ್ ಕ್ಯಾಪನ್ನು ಬಾಯಿ ಮೇಲೆ ಮಾಡಿ ತಳದ ನಡುವೆ ಇಟ್ಟು ಬೋಲ್ಟ್‌ನಿಂದ ಬಿಗಿಯಿರಿ. ಬೋಲ್ಟ್‌ನ ತಲೆ ಕ್ಯಾಪ್‌ನ ಒಳಗೆ, ನಟ್ ಬಕೆಟ್‌ನ ಕೆಳಗೆ ಬರಲಿ. ಆಗ ಕಾರ್ಡ್‌ಗೆ ಲೋಹದ ಚೂಪು ತಗಲುವುದಿಲ್ಲ.

4. ಬಕೆಟ್‌ನ ಎತ್ತರಕ್ಕಿಂತ 5 ಸೆಂ.ಮೀ. ಗಿಡ್ಡವಾಗಿ ಪೈಪ್ ಕತ್ತರಿಸಿ, ಅಂಚು ಉಜ್ಜಿ, ಕ್ಯಾಪ್‌ಗೆ ಕೂರಿಸಿ. ಕಾರ್ಡ್ ಸುತ್ತಲೂ ಕೂರುತ್ತದೆ. ಅಡಾಪ್ಟರ್, ಕೈಗವಸು ಪೈಪಿನೊಳಗೆ ಇಳಿಯುತ್ತವೆ.

5. ಮುಚ್ಚಳದ ಮೇಲೆ 'ಪೂರ್ತಿ ಹೊರತೆಗೆದು ಬಳಸಿ' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಬಕೆಟ್‌ನಲ್ಲಿರುವಾಗಲೇ ಕರೆಂಟ್ ಹಾಯಿಸಬೇಡಿ

ಎಕ್ಸ್‌ಟೆನ್ಷನ್ ವೈರ್‌ಗೆ ಬಕೆಟ್ ಮಾಡುವವರು ಪಕ್ಕದಲ್ಲೊಂದು ದೊಡ್ಡ ತೂತು ಕೊರೆದು ಪ್ಲಗ್ ಹೊರಗೆ ಬಿಡುವುದುಂಟು. ಬೇಕಾದಷ್ಟೇ ವೈರ್ ಎಳೆದು, ಉಳಿದದ್ದನ್ನು ಒಳಗೇ ಬಿಡುವ ಅನುಕೂಲ ಅದು. ಆರ್‌ವಿಗೆ ಅದೇ ಮುಳುವಾಗಬಹುದು.

ಲೆಕ್ಕ ನೋಡಿ. 30 ಆಂಪಿಯರ್ ಕಾರ್ಡ್‌ನಲ್ಲಿ ಇರುವುದು 10 ಗೇಜ್ ತಾಮ್ರದ ತಂತಿ. ಸಾವಿರ ಅಡಿಗೆ ಅದರ ರೋಧ ಸುಮಾರು 1 ಓಮ್. 30 ಅಡಿಯ ಕಾರ್ಡ್‌ನಲ್ಲಿ ಕರೆಂಟ್ ಹೋಗಿ ಬರುವ ದಾರಿ 60 ಅಡಿ, ಅಂದರೆ 0.06 ಓಮ್. 30 ಆಂಪಿಯರ್ ಹರಿದಾಗ ಅದರಲ್ಲಿ 54 ವ್ಯಾಟ್ ಶಾಖ ಹುಟ್ಟುತ್ತದೆ. ನೆಲದ ಮೇಲೆ ಹರಡಿದ ಕಾರ್ಡ್‌ನಿಂದ ಈ ಶಾಖ ಗಾಳಿಗೆ ಹೋಗುತ್ತದೆ. ಸುತ್ತಿ ಮುಚ್ಚಿಟ್ಟರೆ ಒಳಗೇ ಉಳಿಯುತ್ತದೆ. ಹಳೆಯ 60 ವ್ಯಾಟ್ ಬಲ್ಬನ್ನು ಬಕೆಟ್‌ನಲ್ಲಿಟ್ಟು ಮುಚ್ಚಳ ಹಾಕಿದಂತೆ. ಗಂಟೆಗಟ್ಟಲೆ ಎಸಿ ಓಡಿದರೆ ಹೊದಿಕೆ ಮೆತ್ತಗಾಗಿ ಕರಗುವ, ಬೆಂಕಿ ಹೊತ್ತುವ ಸಾಧ್ಯತೆಯಿದೆ.

ಕರೆಂಟ್ ಅರ್ಧಕ್ಕಿಳಿದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ ನಿಜ. ಆದರೆ ಎಸಿ ಜೊತೆ ಮೈಕ್ರೋವೇವ್ ಯಾವಾಗ ಶುರುವಾಗುತ್ತದೆ ಎಂದು ಹೇಳಲಾಗದು. ಆದ್ದರಿಂದ ಪಕ್ಕದ ತೂತು ಬೇಡವೇ ಬೇಡ. ಇಲಿ ನುಗ್ಗುವ ದಾರಿಯೂ ಅದರಿಂದ ತಪ್ಪುತ್ತದೆ. ಬಳಸುವಾಗ ಕಾರ್ಡನ್ನು ಪೂರ್ತಿ ಹೊರತೆಗೆದು, ಹೆಚ್ಚಾದದ್ದನ್ನು ನೆರಳಿನಲ್ಲಿ ಹಾವಿನಂತೆ ಅಂಕುಡೊಂಕಾಗಿ ಹರಡಿ.

ಬಿಚ್ಚುವ ಕ್ರಮ, ಸುತ್ತುವ ರೀತಿ

ಮೊದಲು ಆರ್‌ವಿಯ ಒಳಗಿನ ಎಸಿ, ಹೀಟರ್ ಆರಿಸಿ. ನಂತರ ಕ್ಯಾಂಪ್‌ಗ್ರೌಂಡ್‌ನ ಕಂಬದ ಬ್ರೇಕರ್ ಆಫ್ ಮಾಡಿ. ಕಂಬದ ಕಡೆಯ ಪ್ಲಗ್ ಮೊದಲು ಕೀಳಿ, ವಾಹನದ ಕಡೆಯದು ಆಮೇಲೆ. ಕ್ರಮ ತಿರುಗಿಸಿ, ಬ್ರೇಕರ್ ಆಫ್ ಮಾಡುವುದನ್ನೂ ಮರೆತರೆ ಕೈಯಲ್ಲಿರುವ ತುದಿಯಲ್ಲಿ ಕರೆಂಟ್ ಇರುತ್ತದೆ. ಜೋಡಿಸುವಾಗ ವಾಹನದ ಕಡೆ ಮೊದಲು, ಕಂಬ ಆಮೇಲೆ, ಬ್ರೇಕರ್ ಕೊನೆಗೆ.

ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಅಂಗೈ ಮತ್ತು ಮೊಣಕೈಗೆ ಬಿಗಿಯಾಗಿ ಸುತ್ತುವ ಅಭ್ಯಾಸ ಬಿಡಿ. ಅದರಿಂದ ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಒಂದು ಸುತ್ತು ನೇರ, ಮುಂದಿನದು ಉಲ್ಟಾ ಹಾಕಿದರೆ ತಿರುಚು ಉಳಿಯುವುದಿಲ್ಲ. ಚಳಿಯಲ್ಲಿ ಕಾರ್ಡ್ ಸೆಟೆದುಕೊಂಡಿದ್ದರೆ ಬಲವಂತವಾಗಿ ಬಗ್ಗಿಸದೆ, ಬೆಚ್ಚಗಾಗಲು ಬಿಟ್ಟು ಸುತ್ತಿ.

ಪ್ರತಿ ಸಲ ಸುತ್ತುವಾಗ ಪ್ಲಗ್‌ನ ಕಡ್ಡಿ ನೋಡಿ. ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ, ಹೊದಿಕೆ ಸೀಳಿದ್ದರೆ ಟೇಪ್ ಸುತ್ತಿ ಸಮಾಧಾನಪಡಬೇಡಿ. ಬದಲಾಯಿಸಿ. ಇನ್ನೊಂದು ಮಾತು: ಶೌಚದ ನೀರು ಹರಿಸುವ ಕೊಳವೆಯ ಜೊತೆ ಈ ಕಾರ್ಡನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ.

ನಮ್ಮಲ್ಲೂ ಉಪಯೋಗ

2021ರಲ್ಲಿ ಕೇರಳ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆ ಪ್ರಕಟಿಸಿದ ಮೇಲೆ ಭಾರತದಲ್ಲೂ ಚಕ್ರದ ಮನೆಯ ಮಾತು ಹೆಚ್ಚಾಗಿದೆ. ಕ್ಯಾರವಾನ್ ಇಲ್ಲದಿದ್ದರೂ ಮುಂಬೈ, ಪುಣೆಯ ಗಣೇಶೋತ್ಸವದ ಪೆಂಡಾಲ್‌ಗೋ ಮನೆಯ ಸಮಾರಂಭಕ್ಕೋ ತರುವ ಉದ್ದನೆಯ ಎಕ್ಸ್‌ಟೆನ್ಷನ್ ವೈರ್‌ಗೆ ಇದೇ ಬಕೆಟ್ ಸಾಕು. ನಿಯಮವೂ ಅದೇ: ಸುತ್ತಿಡುವುದು ಕೆಲಸ ಮುಗಿದ ಮೇಲೆ, ಬಳಸುವುದು ಪೂರ್ತಿ ಬಿಚ್ಚಿದ ಮೇಲೆ.