ಸುತ್ತಿಗೆಯ ಏಟಿಗೆ ಅರಳುವ ಬೆಳ್ಳಿ

ಬೆಳ್ಳಿಯ ತಗಡನ್ನು ಯಂತ್ರದ ಅಚ್ಚಿಗೆ ಕೊಡದೆ, ಸುತ್ತಿಗೆಯಿಂದಲೇ ಬಡಿದು ಪಾತ್ರೆಯಾಗಿ, ಪ್ರಭಾವಳಿಯಾಗಿ, ದೇವರ ಕವಚವಾಗಿ ರೂಪಿಸುವ ವಿದ್ಯೆ ಬಹು ಪ್ರಾಚೀನವಾದುದು. ಕರ್ನಾಟಕದಲ್ಲಿ ಅಕ್ಕಸಾಲಿಗರು ಈ ಕಸುಬನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ದೇವಾಲಯಗಳ ಉತ್ಸವಮೂರ್ತಿಯ ಅಲಂಕಾರದಿಂದ ಹಿಡಿದು ಮನೆಯ ಪೂಜೆಯ ಪಂಚಪಾತ್ರೆಯವರೆಗೆ ಈ ಕೈಗೆಲಸದ ವ್ಯಾಪ್ತಿ ಹರಡಿದೆ.

ಲೋಹದ ಸ್ವಭಾವ

ಶುದ್ಧ ಬೆಳ್ಳಿ ಸುಮಾರು ೯೬೨ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದು ಬಲು ಮೃದು. ದಿನಬಳಕೆಯ ವಸ್ತುವಿಗೆ ಬೇಕಾದ ಗಟ್ಟಿತನ ಅದಕ್ಕಿಲ್ಲ. ಆದ್ದರಿಂದ ತಾಮ್ರವನ್ನು ಬೆರೆಸುವುದು ರೂಢಿ. ಸಾವಿರಕ್ಕೆ ೯೨೫ ಪಾಲು ಬೆಳ್ಳಿಯಿರುವ ಮಿಶ್ರಣವೇ ಸ್ಟರ್ಲಿಂಗ್ ಬೆಳ್ಳಿ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು ಇಪ್ಪತ್ತು ಪಟ್ಟು ಆಮ್ಲಜನಕವನ್ನು ಹೀರಿಕೊಂಡು, ಹೆಪ್ಪುಗಟ್ಟುವಾಗ ಹೊರಗೆ ಚಿಮ್ಮುತ್ತದೆ. ಹಾಗಾದಾಗ ಗಟ್ಟಿಯೊಳಗೆ ರಂಧ್ರಗಳು ಉಳಿಯುವುದುಂಟು. ಮೂಸೆಯಲ್ಲಿ ಲೋಹದ ಮೇಲೆ ಇದ್ದಿಲ ಪುಡಿ ಹರಡುವುದು ಇದನ್ನು ತಡೆಯುವುದಕ್ಕಾಗಿ.

ಬಡಿತ ಮತ್ತು ಬೆಂಕಿ

ತಂಬಿಗೆಯೊಂದನ್ನು ಮಾಡಬೇಕಾದರೆ ಮೊದಲು ಗಟ್ಟಿಯನ್ನು ಬಡಿದು ತಗಡಾಗಿಸಿ, ದುಂಡಗೆ ಕತ್ತರಿಸಲಾಗುತ್ತದೆ. ಅದನ್ನು ಕಬ್ಬಿಣದ ಗೂಟದ ಮೇಲೆ ಓರೆಯಾಗಿ ಹಿಡಿದು, ತಳದಿಂದ ಅಂಚಿನತ್ತ ಸುತ್ತುಸುತ್ತಾಗಿ ಬಡಿಯುತ್ತಾ ಬಂದಂತೆ ಗೋಡೆ ಮೇಲೇಳುತ್ತದೆ. ಹೀಗೆ ಎದ್ದ ಪಾತ್ರೆಯ ಒಡಲಿನಲ್ಲಿ ಬೆಸುಗೆಯೇ ಇರುವುದಿಲ್ಲ.

ಏಟು ಬಿದ್ದಷ್ಟೂ ಬೆಳ್ಳಿ ಗಡುಸಾಗುತ್ತದೆ. ಹಾಗೆಯೇ ಮುಂದುವರಿದರೆ ಬಿರುಕು ಬಿಡುವುದು ಖಚಿತ. ಆದಕಾರಣ ಪ್ರತಿ ಸುತ್ತಿನ ನಂತರ ಸುಮಾರು ೬೦೦ರಿಂದ ೬೫೦ ಡಿಗ್ರಿಯವರೆಗೆ ಕಾಯಿಸಿ ಮತ್ತೆ ಮೆತ್ತಗಾಗಿಸಬೇಕು. ಈ ಹದವನ್ನು ಮಸುಕುಗೆಂಪು ಬಣ್ಣವೇ ಹೇಳಬೇಕು. ಪ್ರಖರ ಬೆಳಕಿನಲ್ಲಿ ಆ ಕೆಂಪು ಕಣ್ಣಿಗೆ ಕಾಣದು. ಕುಲುಮೆಯ ಮೂಲೆ ಅರೆಗತ್ತಲಲ್ಲಿರುವುದರ ಕಾರಣ ಇದೇ. ಸ್ಟರ್ಲಿಂಗ್ ಬೆಳ್ಳಿ ೮೦೦ ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುವುದರಿಂದ ಒಂದು ಕ್ಷಣದ ಅಜಾಗರೂಕತೆ ಹಲವು ದಿನಗಳ ಶ್ರಮವನ್ನು ನುಂಗಬಲ್ಲದು.

ಚಿತ್ತಾರ ಬೇಕಿದ್ದರೆ ಪಾತ್ರೆಯೊಳಗೆ ರಾಳ, ಇಟ್ಟಿಗೆ ಪುಡಿ ಮತ್ತು ಎಣ್ಣೆಯ ಮಿಶ್ರಣವನ್ನೋ ಅರಗನ್ನೋ ತುಂಬಿ, ಮೊಂಡು ಉಳಿಗಳಿಂದ ಬಳ್ಳಿ, ಹಂಸ, ಕೀರ್ತಿಮುಖಗಳನ್ನು ಮೂಡಿಸಲಾಗುತ್ತದೆ. ಇಲ್ಲಿ ಲೋಹವನ್ನು ಕೆತ್ತಿ ತೆಗೆಯುವುದಿಲ್ಲ, ಒತ್ತಿ ಸರಿಸುವುದಷ್ಟೇ. ಕೊನೆಗೆ ನಯವಾದ ಸುತ್ತಿಗೆಯಿಂದ ಹಗುರವಾಗಿ ಬಡಿದು ಮೈ ಸಮ ಮಾಡಿ ಮೆರುಗು ಕೊಡುತ್ತಾರೆ. ಈ ಅಂತಿಮ ಬಡಿತದ ನಂತರ ಕಾಯಿಸದಿರುವುದರಿಂದ ಗಡುಸುತನ ಹಾಗೆಯೇ ಉಳಿದು, ತೆಳುವಾದ ಪಾತ್ರೆಯೂ ಬೇಗನೆ ನೆಗ್ಗುವುದಿಲ್ಲ.

ಹಾಲ್‌ಮಾರ್ಕ್ ಹೇಳದ ಸಂಗತಿ

ಭಾರತೀಯ ಮಾನಕ ಬ್ಯೂರೊ ೨೦೦೫ರಲ್ಲಿ ಬೆಳ್ಳಿಗೂ ಹಾಲ್‌ಮಾರ್ಕ್ ವ್ಯವಸ್ಥೆಯನ್ನು ತಂದಿತು. ೨೦೨೫ರ ಸೆಪ್ಟೆಂಬರ್ ೧ರಿಂದ ಹಾಲ್‌ಮಾರ್ಕ್ ಪಡೆಯುವ ಬೆಳ್ಳಿ ವಸ್ತುಗಳಿಗೆ ಪ್ರತ್ಯೇಕ ಗುರುತು ಸಂಖ್ಯೆಯನ್ನೂ ಜಾರಿಗೆ ತರಲಾಯಿತು. ಗ್ರಾಹಕರ ಪಾಲಿಗೆ ಇದು ಸ್ವಾಗತಾರ್ಹ. ಆದರೆ ಈ ಮುದ್ರೆ ಪ್ರಮಾಣೀಕರಿಸುವುದು ಲೋಹದ ಶುದ್ಧತೆಯನ್ನೇ ಹೊರತು ಕೆಲಸದ ಗುಣವನ್ನಲ್ಲ. ಯಂತ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಒತ್ತಿ ತೆಗೆದ ಬಟ್ಟಲಿಗೂ ಹಲವು ದಿನ ಬಡಿದು ಮಾಡಿದ ಬಟ್ಟಲಿಗೂ ಅದು ಒಂದೇ.

ಹಳೆಯ ಪಾತ್ರೆಯನ್ನು ಬದಲಿಗೆ ಕೊಟ್ಟಾಗ ತಕ್ಕಡಿ ಎಣಿಸುವುದು ತೂಕವನ್ನು ಮಾತ್ರ. ಕೈಗೆಲಸದ ಮಜೂರಿಗೆ ಅಲ್ಲಿ ಬೆಲೆಯಿಲ್ಲ. ೨೦೨೫ರಲ್ಲಿ ಬೆಳ್ಳಿಯ ದರ ಕಿಲೋಗೆ ಒಂದು ಲಕ್ಷ ರೂಪಾಯಿಯನ್ನು ಮೀರಿ ಏರಿದ್ದು, ಹಳೆಯದನ್ನು ಕರಗಿಸುವ ಆಮಿಷವನ್ನು ಹೆಚ್ಚಿಸಿದೆ. ಕರಗಿದ ಬೆಳ್ಳಿ ಮತ್ತೆ ಬೆಳ್ಳಿಯಾಗಿಯೇ ದೊರೆಯುತ್ತದೆ, ಅದರ ಮೇಲಿನ ಕೆಲಸ ದೊರೆಯದು.

ಗುರುತಿಸುವುದು ಹೇಗೆ?

ಕೈಯಲ್ಲಿ ಬಡಿದ ಪಾತ್ರೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಳಮೈಯಲ್ಲಿ ಸುತ್ತಿಗೆಯ ಸಣ್ಣ ಸಣ್ಣ ಚಪ್ಪಟೆ ಗುರುತುಗಳು ಕಾಣುವುದುಂಟು. ಅಂಚು ಹಲವೊಮ್ಮೆ ಒಡಲಿಗಿಂತ ದಪ್ಪವಾಗಿರುತ್ತದೆ. ಯಂತ್ರದ ಮೇಲೆ ತಿರುಗಿಸಿ ಮಾಡಿದ್ದರಲ್ಲಿ ಕೂದಲೆಳೆಯಂಥ ವೃತ್ತಾಕಾರದ ಗೆರೆಗಳಿರುತ್ತವೆ. ಅಜ್ಜಿಯ ಕಾಲದ ತಂಬಿಗೆಯನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಹೀಗೆ ಪರೀಕ್ಷಿಸಿ ನೋಡುವುದು ಒಳಿತು.