ಉದಕಮಂಡಲದಲ್ಲಿ ನಿಯಮ ಪಡೆದ ಆಟ

ನಮ್ಮ ನೀಲಗಿರಿಯ ಉದಕಮಂಡಲವು ಚಳಿಗೂ ಚಹಕ್ಕೂ ಹೆಸರಾದುದು. ಸ್ನೂಕರ್ ಎಂಬ ಮೇಜಿನಾಟವು ಲಿಖಿತ ನಿಯಮಗಳನ್ನು ಪಡೆದುದೂ ಇಲ್ಲಿಯೇ ಎಂಬುದನ್ನು ಬಲ್ಲವರು ವಿರಳ.

೧೮೭೫ರಲ್ಲಿ ಜಬಲ್ಪುರದ ಸೇನಾಠಾಣ್ಯದಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಆಂಗ್ಲ ಅಧಿಕಾರಿಯು (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ನನು ಬೇರೆ) ಹಳೆಯ ಆಟವೊಂದಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದನು. 'ಸ್ನೂಕರ್' ಎಂಬುದು ವುಲಿಚ್ ಸೈನಿಕ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಇಟ್ಟಿದ್ದ ಅಡ್ಡಹೆಸರು. ಸುಲಭದ ಚೆಂಡೊಂದನ್ನು ತಪ್ಪಿದ ಗೆಳೆಯನನ್ನು ಚೇಂಬರ್ಲಿನ್ ಹಾಗೆಂದು ಕರೆದನು. ಆತನು ನೊಂದಾನೆಂದು, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಎಂದು ಸಮಾಧಾನಪಡಿಸಿದನು. ಹೆಸರು ಆಟಕ್ಕೇ ಅಂಟಿತು. ೧೮೮೦ರ ದಶಕದಲ್ಲಿ ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಲಾಯಿತು.

ಇಂದಿನ ಆಟದಲ್ಲಿ ಹದಿನೈದು ಕೆಂಪು ಚೆಂಡುಗಳಿಗೆ ಒಂದೊಂದು ಅಂಕ. ಉಳಿದ ಆರು ಬಣ್ಣಗಳಿಗೆ ೨ರಿಂದ ೭ರವರೆಗೆ. ಕೆಂಪನ್ನು ಕುಳಿಗೆ ಬೀಳಿಸಿದ ಬಳಿಕ ಬೇರೊಂದು ಬಣ್ಣ, ಅನಂತರ ಮತ್ತೆ ಕೆಂಪು. ಹೊಸಬನು ಕುಳಿಯನ್ನಷ್ಟೇ ನೋಡುವನು. ನುರಿತವನಾದರೋ, ತಾನು ಹೊಡೆಯುವ ಬಿಳಿಯ ಚೆಂಡು ಎಲ್ಲಿ ಬಂದು ನಿಲ್ಲುವುದು, ಅಲ್ಲಿಂದ ಮುಂದಿನ ಹೊಡೆತಕ್ಕೆ ದಾರಿಯುಂಟೇ ಎಂದು ಮೊದಲೇ ಎಣಿಸುವನು. ದಾರಿಯಿಲ್ಲವಾದರೆ ಬಿಳಿಯನ್ನು ಮತ್ತೊಂದು ಚೆಂಡಿನ ಮರೆಗೆ ಸರಿಸಿ, ಎದುರಾಳಿಯ ನೇರದಾರಿಯನ್ನು ಮುಚ್ಚುವನು. ಈ ಉಪಾಯಕ್ಕೂ ಹೆಸರು ಸ್ನೂಕರ್!

ಹೊಸಬನ ಅಡ್ಡಹೆಸರೇ ಚತುರನ ಉಪಾಯದ ಹೆಸರಾಯಿತು. ತರಗತಿಯಲ್ಲಿ ಲೆಕ್ಕ ತಪ್ಪಿದ ಬಾಲಕನನ್ನು ನೋಡಿ ನಗುವ ಮುನ್ನ ಉಪಾಧ್ಯಾಯರಾದ ನಾವು ಇದನ್ನು ನೆನೆಯಬೇಕು. ಅವನಿಗೆ ಕಲಿಸಬೇಕಾದುದು ಈ ಹೊಡೆತವನ್ನಷ್ಟೇ ಅಲ್ಲ, ಮುಂದಿನದನ್ನೂ ಕಾಣುವುದನ್ನು.